ಕರಾವಳಿಯ ಚಳಿಗೆ ಕುದುರೆಯ ಮೈಮೇಲೆ ಏನಿರಬೇಕು: ಗೋಣಿಯೋ, ಕಂಬಳಿಯೋ, ಆರು ಸಾವಿರದ ಹೊದಿಕೆಯೋ

ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಗೋಣಿಯ ಜೂಲು, ಅಂದರೆ ಬೆನ್ನಿಗೆ ಹೊದಿಸುವ ಗೋಣಿಬಟ್ಟೆ. ಐದು ಹಳೆಯ ಅಕ್ಕಿಚೀಲಗಳನ್ನು ಬಿಚ್ಚಿ, ಒಳಗೆ ಹತ್ತಿಯ ಬಟ್ಟೆ ಕೊಟ್ಟು ಹೊಲಿಸಿದ್ದು. ಮೂರು ಚಳಿಗಾಲ ಮೂರು ಬಗೆಯ ಹೊದಿಕೆಗಳನ್ನು ಒಂದೇ ಕುದುರೆಯ ಮೇಲೆ ಹಾಕಿ ನೋಡಿದ ಮೇಲೆ ಬಂದ ಮಾತು ಇದು. ಉಳಿದ ಎರಡರಲ್ಲಿ ಕುರಿಕಂಬಳಿ ಈಗಲೂ ನನ್ನ ಲಾಯದಲ್ಲಿದೆ. ಹಣ ಕೊಟ್ಟು ತರಿಸಿದ ದಪ್ಪ ಹೊದಿಕೆ ಮಾತ್ರ ಮನೆಯಲ್ಲಿಲ್ಲ.

ನನ್ನ ನೇರಳೆಗೆ ಈಗ 17 ವರ್ಷ. ಓಟದ ಮೈದಾನದಿಂದ ನಿವೃತ್ತಳಾಗಿ ಬಂದ ಥರೋಬ್ರೆಡ್ ತಳಿಯ ಹೆಣ್ಣು. ಚರ್ಮ ತೆಳು, ಕೂದಲು ಗಿಡ್ಡ. ಕುದುರೆಗೆ ಚಳಿಗಾಲದ ದಟ್ಟ ಕೂದಲು ಬರುವುದು ಮುಖ್ಯವಾಗಿ ಹಗಲು ಕಿರಿದಾಗುವುದನ್ನು ಅದರ ದೇಹ ಗುರುತಿಸುವುದರಿಂದ. ಉತ್ತರದ ದೇಶಗಳಲ್ಲಿ ಚಳಿಗಾಲದ ಹಗಲು ಎಂಟು ಗಂಟೆಗೆ ಇಳಿಯುತ್ತದೆ. ನಮ್ಮ ಉಡುಪಿಯಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಹಾಗಾಗಿ ಡಿಸೆಂಬರ್‌ನಲ್ಲೂ ನೇರಳೆಯ ಮೈ ಬೇಸಿಗೆಯಲ್ಲಿದ್ದಂತೆಯೇ ನಯವಾಗಿ ಹೊಳೆಯುತ್ತಿರುತ್ತದೆ.

ಕುದುರೆ ಸಾಕುವವರಿಗೆ ನಮ್ಮ ಕಡೆ ಚಳಿಗಾಲದ ಈ ಎರಡು ತಿಂಗಳು ಹಬ್ಬ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲತೀರದ ಕಡೆ ತಲೆ ಹಾಕುವಂತಿಲ್ಲ, ಅಕ್ಟೋಬರ್‌ನಲ್ಲಿ ಸೆಕೆ. ನವೆಂಬರ್ ಕೊನೆಯ ಹೊತ್ತಿಗೆ ಕಡಲು ಶಾಂತವಾಗುತ್ತದೆ. ಬೆಳಗಿನ ಜಾವ 20-21 ಡಿಗ್ರಿ. ಕಡಲ ನೀರು ಹಿಂದೆ ಸರಿಯುವ ಇಳಿತದ ಹೊತ್ತು ನೋಡಿಕೊಂಡು ಹೊರಟರೆ ಮಟ್ಟುವಿನಿಂದ ಕಾಪುವಿನ ದೀಪಸ್ತಂಭದ ದಿಕ್ಕಿಗೆ ಒದ್ದೆ ಮರಳು ಗಟ್ಟಿಯಾಗಿ, ಗೊರಸಿಗೆ ಹಿತವಾಗಿ ಹಾಸಿಕೊಂಡಿರುತ್ತದೆ. ದಾರಿಯಲ್ಲಿ ಗುಳ್ಳದ (ನಮ್ಮ ಕಡೆಯ ಬದನೆ) ಗದ್ದೆಗಳಿಗೆ ನೀರು ಹನಿಸುವವರು ಕಾಣುತ್ತಾರೆ. 1901ರಿಂದ ಅಲ್ಲೇ ನಿಂತಿರುವ ಆ ಕಪ್ಪು ಬಿಳುಪಿನ ದೀಪಸ್ತಂಭ ಮಂಜಿನಿಂದ ಮೆಲ್ಲಗೆ ಹೊರಬರುವುದನ್ನು ಕುದುರೆಯ ಕಿವಿಗಳ ನಡುವಿನಿಂದ ನೋಡುವ ಸುಖಕ್ಕಾಗಿಯೇ ನಾನು ನಸುಕಿನ ನಾಲ್ಕೂವರೆಗೆ ಏಳುತ್ತೇನೆ.

ತೊಂದರೆ ಶುರುವಾಗುವುದು ಮರಳಿ ಬಂದ ಮೇಲೆ. ಮರಳಿನಲ್ಲಿ ಓಡಿದ ಕುದುರೆ ಬೆವರುತ್ತದೆ. ಬೆಳಗಿನ ಆ ಹೊತ್ತಿಗೆ ಘಟ್ಟದ ಕಡೆಯಿಂದ ಮೂಡುಗಾಳಿ ಬೀಸುತ್ತಿರುತ್ತದೆ. ಒದ್ದೆ ಮೈಗೆ ಆ ಗಾಳಿ ತಾಗಿದರೆ ನೇರಳೆಯ ಬೆನ್ನಿನ ಸ್ನಾಯುಗಳು ಬಿಗಿದುಕೊಂಡು ಮರುದಿನ ಹೆಜ್ಜೆ ಗಿಡ್ಡವಾಗುತ್ತದೆ. ರಾತ್ರಿ ಅವಳು ನಿಲ್ಲುವ ಕೊಟ್ಟಿಗೆಗೆ ಎರಡೇ ಗೋಡೆ. ಅಲ್ಲಿ ಇಬ್ಬನಿ ಬೇರೆ. ಏನಾದರೂ ಹೊದಿಸಬೇಕು ಅನ್ನಿಸಿದ್ದು ಹೀಗೆ.

2023ರ ಡಿಸೆಂಬರ್‌ನಲ್ಲಿ ಆನ್‌ಲೈನ್ ಅಂಗಡಿಯೊಂದರಿಂದ 6,800 ರೂಪಾಯಿ ಕೊಟ್ಟು ಕುದುರೆಯ ಹೊದಿಕೆ ತರಿಸಿದೆ. ಹೊರಗೆ ನೀರು ಇಳಿಯದ ನೈಲಾನ್, ನಡುವೆ ಪಾಲಿಯೆಸ್ಟರ್ ಹತ್ತಿ, ಒಳಗೆ ನುಣುಪು ಬಟ್ಟೆ. ಎದೆಯ ನಡುವಿನಿಂದ ಬಾಲದವರೆಗೆ ಅಳೆದು 6 ಅಡಿ 2 ಅಂಗುಲ ಎಂದು ಬರೆದಿದ್ದೆ. ಅಳತೆ ಸರಿಯಾಗಿಯೇ ಬಂತು. ಹೊದಿಸಿದಾಗ ನೇರಳೆ ಎಷ್ಟು ಚಂದ ಕಂಡಳೆಂದರೆ ಮನೆಯವರೆಲ್ಲ ಲಾಯಕ್ಕೆ ಬಂದು ನೋಡಿದರು. ಪಕ್ಕದ ಮನೆಯ ಹಿರಿಯರು ಕಂಬಳದ ಕೋಣ ಸಾಕಿದವರು. ಅವರು ಮಾತ್ರ ಹೊದಿಕೆಯ ಒಳಗೆ ಕೈ ಹಾಕಿ ನೋಡಿ, "ಇದಕ್ಕೆ ಉಸಿರಾಡಲು ದಾರಿ ಎಲ್ಲಿ ಮಾರಾಯರೇ?" ಎಂದು ಕೇಳಿದರು. ಗಾಳಿಯಾಡುವ ಬಟ್ಟೆ ಎಂದು ಡಬ್ಬದ ಮೇಲೆ ಬರೆದಿದೆ ಎಂದೆ.

ಬರೆದದ್ದು ಸುಳ್ಳಲ್ಲ. ಆದರೆ ಅಂಥ ಬಟ್ಟೆಯ ಮೂಲಕ ಒಳಗಿನ ಹಬೆ ಚೆನ್ನಾಗಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಸಾಕಷ್ಟು ತಣ್ಣಗೂ ಒಣದಾಗಿಯೂ ಇರಬೇಕು. ಹಿಮ ಬೀಳುವ ಊರಿನಲ್ಲಿ ಅದು ಸರಿ. ನಮ್ಮಲ್ಲಿ ಬೆಳಗಿನ ಜಾವದ ಗಾಳಿಯೇ ನೀರು ಹೊತ್ತು ನಿಂತಿರುತ್ತದೆ, ಚಳಿಯೂ ಅಷ್ಟಿಲ್ಲ. ಹಬೆ ಹೋಗುವುದಾದರೂ ಎಲ್ಲಿಗೆ? ಮೂರನೆಯ ದಿನ ಹೆಗಲ ಹಿಂದೆ ಅಂಗೈ ತೂರಿಸಿದಾಗ ಒಳಗೆ ಜಿಡ್ಡುಜಿಡ್ಡಾದ ತೇವ. ಒಳಗಿನ ಬಟ್ಟೆ ತೇವ ಹೀರಿದ್ದರಿಂದ ಅದನ್ನು ಒಣಗಿಸಬೇಕಾಯಿತು. ಹತ್ತಿ ತುಂಬಿದ ಆ ಭಾರದ ವಸ್ತು ಹಗ್ಗದ ಮೇಲೆ ಎರಡು ದಿನ ಬಿಸಿಲು ಕಂಡರೂ ಮಡಿಕೆಗಳಲ್ಲಿ ಹಸಿ ಉಳಿದು ಮುಗ್ಗಲು ವಾಸನೆ ಹಿಡಿಯಿತು. ಇದ್ದದ್ದು ಒಂದೇ ಹೊದಿಕೆ. ಅರೆ ಒಣಗಿದ್ದನ್ನೇ ರಾತ್ರಿ ಮತ್ತೆ ಹೊದಿಸಿದೆ.

ಆಮೇಲೆ ಆದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ನಾನು ಬ್ಯಾಂಕ್ ನೌಕರ. ಒಂಬತ್ತು ಗಂಟೆಗೆ ಮನೆ ಬಿಡಬೇಕು. ಆ ದಿನ ಸವಾರಿ ಮುಗಿಸಿ ಹೊದಿಕೆ ಹಾಕಿದ್ದೆ. ಮೈ ಆರಿದ ಮೇಲೆ ತೆಗೆಯುವ ಕೆಲಸ ಲಾಯಕ್ಕೆ ಬರುವ ಹುಡುಗನದು. ಅವನ ಕುಟುಂಬದ ಮನೆಯಲ್ಲಿ ಹಿಂದಿನ ರಾತ್ರಿ ದೈವದ ನೇಮವಿತ್ತು, ಅವನು ಬರಲಿಲ್ಲ. ನಮ್ಮ ಚಳಿಗಾಲದಲ್ಲಿ ಬೆಳಿಗ್ಗೆ 21 ಡಿಗ್ರಿ ಇದ್ದದ್ದು ಮಧ್ಯಾಹ್ನಕ್ಕೆ 32 ಆಗುತ್ತದೆ. ಊಟಕ್ಕೆ ಬಂದಾಗ ನೇರಳೆ ತಲೆ ತಗ್ಗಿಸಿ, ಮೂಗಿನ ಹೊಳ್ಳೆ ಅರಳಿಸಿ ನಿಂತಿದ್ದಳು. ಹೊಟ್ಟೆಯ ಕೆಳಗಿನಿಂದ ಬೆವರು ತೊಟ್ಟಿಕ್ಕುತ್ತಿತ್ತು. ಬಿಚ್ಚೋಣವೆಂದರೆ ಹಿಂಗಾಲಿನ ಪಟ್ಟಿಯ ಕೊಕ್ಕೆ ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿದು ಬಿಗಿದಿತ್ತು, ಹದಿನೈದು ದಿನಕ್ಕೇ. ಚಾಕುವಿನಿಂದ ಪಟ್ಟಿ ಕೊಯ್ದು ಬಿಡಿಸಿದೆ. ಮೈಮೇಲೆ ನೀರು ಹೊಯ್ಯುವುದು, ಒರೆಸುವುದು, ಮತ್ತೆ ಹೊಯ್ಯುವುದು. ಸಂಜೆಯ ಹೊತ್ತಿಗೆ ಅವಳು ಹುಲ್ಲಿಗೆ ಬಾಯಿ ಹಾಕಿದಾಗ ನನಗೆ ಉಸಿರು ಬಂತು.

ಒಂದು ವಾರದೊಳಗೆ ಬೆನ್ನಿನ ಕೂದಲು ಕುಂಚದಂತೆ ಅಂಟಿಕೊಂಡು, ಹಕ್ಕಳೆ ಸಮೇತ ಕಿತ್ತು ಬರತೊಡಗಿತು. ಬೆರಳು ತಾಗಿಸಿದರೆ ಬೆನ್ನು ಕುಗ್ಗಿಸುತ್ತಿದ್ದಳು. ಪಶುವೈದ್ಯರು ನೋಡಿ, ಇದು ಡರ್ಮಟೋಫಿಲಸ್ ಎಂಬ ಬ್ಯಾಕ್ಟೀರಿಯಾದ ಸೋಂಕು, ಸತತವಾಗಿ ಒದ್ದೆಯಾಗಿರುವ ಚರ್ಮ ಅದಕ್ಕೆ ಇಷ್ಟ, ಮಳೆಗಾಲದಲ್ಲಿ ದನಗಳಿಗೂ ಬರುತ್ತದೆ ಎಂದರು. ಹಕ್ಕಳೆ ನೆನೆಸಿ ಬಿಡಿಸಬೇಕು, ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ದ್ರಾವಣದಿಂದ ತೊಳೆಯಬೇಕು, ತೊಳೆದ ಮೇಲೆ ಪೂರ್ತಿ ಒಣಗಿಸಬೇಕು. ಮೂರು ವಾರ ಜೀನು ಹಾಕುವಂತಿಲ್ಲ. ವರ್ಷವಿಡೀ ಕಾದ ಜನವರಿಯ ಇಳಿತಗಳೆಲ್ಲ ಹಾಗೇ ಹೋದವು.

ವೈದ್ಯರೇ ಹೇಳಿದ ಇನ್ನೊಂದು ಸಂಗತಿ ನನ್ನ ಯೋಚನೆಯನ್ನೇ ಬದಲಿಸಿತು. ಆರೋಗ್ಯವಾಗಿರುವ ದೊಡ್ಡ ಕುದುರೆಗೆ ಸುಮಾರು 5ರಿಂದ 25 ಡಿಗ್ರಿಯವರೆಗಿನ ಹವೆ ಹಿತವಾದದ್ದು. ಮೈ ಬಿಸಿ ಕಾಯ್ದುಕೊಳ್ಳಲು ಅದು ಹೆಚ್ಚು ಕಷ್ಟಪಡಬೇಕಿಲ್ಲ. ಅಂದರೆ ನಾವು ಸ್ವೆಟರ್ ಹುಡುಕುವ ಉಡುಪಿಯ ಚಳಿ ಕುದುರೆಗೆ ಚಳಿಯೇ ಅಲ್ಲ. ರಾತ್ರಿ ಸ್ವಲ್ಪ ಹೆಚ್ಚು ಬಿಸಿ ಬೇಕೆಂದರೆ ಎರಡು ಕಟ್ಟು ಹುಲ್ಲು ಹೆಚ್ಚು ಹಾಕಿದರಾಯಿತು. ನಾರು ಹೊಟ್ಟೆಯ ಹಿಂಭಾಗದ ದೊಡ್ಡ ಕರುಳಿನಲ್ಲಿ ಹುದುಗುವಾಗ ಹುಟ್ಟುವ ಬಿಸಿಯೇ ಅದರ ಒಲೆ. ಹಾಗಾದರೆ ಹೊದಿಕೆಯಿಂದ ನನಗೆ ಬೇಕಾದದ್ದು ಬಿಸಿಯಲ್ಲ. ಬೆವರಿದ ಮೈ ಗಾಳಿಗೆ ನೇರವಾಗಿ ಸಿಕ್ಕದೆ ಮೆಲ್ಲಗೆ ಒಣಗಬೇಕು, ಅಷ್ಟೆ. ಪಕ್ಕದ ಮನೆಯ ಹಿರಿಯರು ಕೇಳಿದ್ದೂ ಇದನ್ನೇ.

ಆ ಜೂಲು ಹೊಲಿಸಿದ್ದು ಅವರ ಮಾತಿನಂತೆ. ಮಂಗಳೂರಿನ ಬಂದರಿನ ಸಗಟು ಅಂಗಡಿಗಳ ಸಾಲಿನಲ್ಲಿ 50 ಕಿಲೋ ಹಿಡಿಯುವ ಹಳೆಯ ಸೆಣಬಿನ ಚೀಲ ತಲಾ 50 ರೂಪಾಯಿಗೆ ಸಿಕ್ಕಿತು. ಅಕ್ಕಿ ತುಂಬಿದ್ದ ಚೀಲವನ್ನೇ ಕೇಳಿ ತೆಗೆದುಕೊಳ್ಳಿ. ಗೊಬ್ಬರದ್ದೋ ಕೀಟನಾಶಕದ ಜೊತೆ ಸಾಗಿಸಿದ್ದೋ ಆದರೆ ಬೆವರಿದ ಚರ್ಮಕ್ಕೆ ವಿಷ. ಕುದಿವ ನೀರಿನಲ್ಲಿ ಅದ್ದಿ, ಎರಡು ದಿನ ಬಿಸಿಲಿಗೆ ಹಾಕಿ, ಕುಶನ್ ಹೊಲಿಯುವವರ ಬಳಿ ಕೊಟ್ಟೆ. ಒಳಗೆ ಹಳೆಯ ಹತ್ತಿಯ ಹೊದಿಕೆ, ಕತ್ತು ಬೆನ್ನಿಗೆ ಸೇರುವ ಉಬ್ಬಿನ ಜಾಗದಲ್ಲಿ ಇನ್ನೂ ಎರಡು ಪದರ ಬೈರಾಸು (ಮೈ ಒರೆಸುವ ಬಟ್ಟೆ). ಹೊಟ್ಟೆಯನ್ನೂ ಬೆನ್ನನ್ನೂ ಸುತ್ತುವಂತೆ ಮಂಚದ ನವಾರು ಪಟ್ಟಿ. ಆ ಪಟ್ಟಿ ಬೆನ್ನುಮೂಳೆಯ ಮೇಲೆ ಕೂರದಂತೆ ಎರಡೂ ಪಕ್ಕಕ್ಕೆ ಹತ್ತಿಯ ಸುರುಳಿ ಹೊಲಿಸಿದೆ. ಕೊಕ್ಕೆ ಒಂದೂ ಇಲ್ಲ, ಎಲ್ಲ ಕಟ್ಟುವ ಲಾಡಿ. ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಒಟ್ಟು ಖರ್ಚು 800 ರೂಪಾಯಿ.

ಇದರ ನಿಜವಾದ ಗುಣ ಗೊತ್ತಾಗುವುದು ಬೈಹುಲ್ಲಿನ ಜೊತೆ. ಸವಾರಿ ಮುಗಿದ ಕೂಡಲೇ ಬೆವರನ್ನು ಒರೆಸಿ, ಬೆನ್ನಿನ ಉದ್ದಕ್ಕೂ ಒಂದು ತೆಕ್ಕೆ ಒಣ ಹುಲ್ಲು ಹರಡಿ, ಅದರ ಮೇಲೆ ಗೋಣಿ ಹಾಕಬೇಕು. ಹುಲ್ಲು ಗೋಣಿಯನ್ನು ಚರ್ಮದಿಂದ ಒಂದು ಅಂಗುಲ ಎತ್ತಿ ಹಿಡಿಯುತ್ತದೆ. ನಡುವಿನ ಗಾಳಿ ಬೆಚ್ಚಗಾಗಿ, ಹಬೆಯನ್ನು ಹೊತ್ತು, ಸೆಣಬಿನ ಕಣ್ಣುಗಳಿಂದ ಹೊರಗೆ ಬರುತ್ತದೆ. ಅರ್ಧ ಗಂಟೆಯಲ್ಲಿ ಗೋಣಿಯ ಹೊರಮೈಯಲ್ಲಿ ಸಣ್ಣ ಸಣ್ಣ ನೀರ ಹನಿಗಳು ಮೂಡಿರುತ್ತವೆ. ಒಳಗೆ ಕೈ ಹಾಕಿದರೆ ಬೆನ್ನು ಒಣಗಿ ಹಿತವಾಗಿ ಬೆಚ್ಚಗಿರುತ್ತದೆ. ಮೊದಲ ಸಲ ಇದನ್ನು ಕಂಡ ಬೆಳಿಗ್ಗೆ ನಾನು ನೇರಳೆಯ ಕತ್ತಿಗೆ ಹಣೆ ಒತ್ತಿ ಸುಮ್ಮನೆ ನಿಂತಿದ್ದೆ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಕೊಯ್ಲಿನ ಹೊಸ ಹುಲ್ಲು ಸಿಗುವ ಕಾಲವೂ ಇದೇ ಆದ್ದರಿಂದ ಹುಲ್ಲಿಗೆ ಪರದಾಡಬೇಕಿಲ್ಲ. ಬಳಸಿದ ಹುಲ್ಲು ಒಣಗಿಸಿದರೆ ನೆಲದ ಹಾಸಿಗೆಯಾಗುತ್ತದೆ.

ಗೋಣಿಗೆ ದೋಷಗಳಿಲ್ಲವೆಂದಲ್ಲ. ಒಂದು ಚಳಿಗಾಲಕ್ಕೇ ಅಂಚು ಹರಿಯುತ್ತದೆ. ಇಲಿಗೆ ಬಲು ಪ್ರೀತಿ. ಜೋರು ಮಳೆಗೆ ನೆನೆದರೆ ಎತ್ತಲಾಗದಷ್ಟು ಭಾರ.

ಕಂಬಳಿ ಬಂದದ್ದು ಮಳೆಯ ಕಾರಣದಿಂದಲೇ. 2024ರ ಡಿಸೆಂಬರ್ ಮೊದಲ ವಾರ, ಫೆಂಗಲ್ ಚಂಡಮಾರುತ ತಮಿಳುನಾಡಿನ ಕಡೆಯಿಂದ ನೆಲ ದಾಟಿ ಕ್ಷೀಣಿಸಿ ಬಂದಾಗ ನಮ್ಮಲ್ಲೂ ಮಳೆ ಸುರಿಯಿತಲ್ಲ, ಆ ಸಂಜೆ ನೇರಳೆ ಬಯಲಿನಲ್ಲಿ ಪೂರ್ತಿ ತೊಯ್ದಿದ್ದಳು. ಗೋಣಿಯೂ ಒದ್ದೆ. ಚಳ್ಳಕೆರೆಯ ಕಡೆಯ ಕಂಬಳಿಯೊಂದನ್ನು 2,200 ರೂಪಾಯಿಗೆ ಕೊಂಡು ಮನೆಮಂದಿಗೆಂದು ಇಟ್ಟಿದ್ದೆವು. ಅದನ್ನೇ ಹೊದಿಸಿದೆ. ಉಣ್ಣೆ ಒದ್ದೆಯಾದರೂ ಬಿಸಿ ಬಿಡುವುದಿಲ್ಲ ಎಂದು ಕೇಳಿದ್ದು ಆ ರಾತ್ರಿ ಕಣ್ಣಿಗೆ ಕಂಡಿತು. ಎರಡು ಗಂಟೆಯಲ್ಲಿ ನಡುಕ ನಿಂತಿತು, ಕಿವಿಯ ಬುಡ ಬೆಚ್ಚಗಾಯಿತು. ಹುಣಸೆಬೀಜದ ಗಂಜಿ ಹಾಕಿ ನೇಯ್ದ ಆ ಕರಿಯ ಬಟ್ಟೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಆದರೂ ದಿನಬಳಕೆಗೆ ಅದು ಒಗ್ಗಲಿಲ್ಲ. ಒರಟು ಕೂದಲು ತೆಳು ಚರ್ಮಕ್ಕೆ ಚುಚ್ಚುತ್ತದೆ, ನೇರಳೆ ಕಂಬಕ್ಕೆ ಮೈ ಉಜ್ಜುತ್ತಾಳೆ. ಪಟ್ಟಿ ಎಷ್ಟು ಬಿಗಿದರೂ ಒಂದು ಬದಿಗೆ ಜಾರುತ್ತದೆ; ಜಾರಿದ ಹೊದಿಕೆ ಕಾಲಿಗೆ ಸಿಕ್ಕಿದರೆ ಕುದುರೆ ಬೀಳಬಹುದು. ಪದೇ ಪದೇ ಒಗೆಯಲು ಬಾರದು. ಬೆವರು ಹೀರಿದ ಉಣ್ಣೆಗೆ ನುಸಿ ಬೇಗ ಬೀಳುತ್ತದೆ. ಈಗ ಬೇವಿನ ಎಲೆಯೊಂದಿಗೆ ಡಬ್ಬದಲ್ಲಿಟ್ಟಿದ್ದೇನೆ. ಅಕಾಲದ ಮಳೆಗೆ, ಜ್ವರಕ್ಕೆ ಮಾತ್ರ ಹೊರಗೆ ಬರುತ್ತದೆ.

ಸೊಳ್ಳೆ ಮತ್ತು ಸಣ್ಣ ನೊಣದ ವಿಷಯದಲ್ಲಿ ಮೂರೂ ಸಮ. ನೋಟಕ್ಕೆ ಆರು ಸಾವಿರದ್ದೇ ಮೇಲು.

ಆ ಹೊದಿಕೆಯನ್ನು ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಎರಡು ಕುದುರೆ ಇಟ್ಟುಕೊಂಡ ಪರಿಚಿತರಿಗೆ ಕೊಟ್ಟೆ. ಅಲ್ಲಿಯ ರಾತ್ರಿಗಳಿಗೆ ಅದು ಹೊಂದಿದೆ, ವಯಸ್ಸಾದ ಕುದುರೆ ಅದರೊಳಗೆ ನೆಮ್ಮದಿಯಾಗಿ ಮಲಗುತ್ತದೆ ಎಂದು ಅವರು ತಿಳಿಸಿದಾಗ ಸಂತೋಷವಾಯಿತು. ಘಟ್ಟದ ಮೇಲಿನವರು ನನ್ನ ಮಾತು ಕೇಳಿ ಗೋಣಿಗೆ ಇಳಿಯಬೇಕಿಲ್ಲ. ಕರಾವಳಿಯಲ್ಲೂ ಹಗಲೆಲ್ಲ ಲಾಯದಲ್ಲೇ ಇರುವ ಆಳು ನಿಮಗಿದ್ದರೆ, ಹೊದಿಕೆ ಹಾಕುವುದು ತೆಗೆಯುವುದು ಗಂಟೆ ನೋಡಿ ನಡೆಯುವುದಾದರೆ, ಒಳಗೆ ಹತ್ತಿ ಇಲ್ಲದ ತೆಳುವಾದ ಬೇರೊಂದನ್ನು ಕೊಳ್ಳಬಹುದು. ನನ್ನ ದಿನ ಹಾಗಿಲ್ಲ. ಏಳೂಕಾಲಕ್ಕೆ ಬಂದು, ಒಂಬತ್ತಕ್ಕೆ ಹೋಗುವವನಿಗೆ ಆ ಒಂದೂಮುಕ್ಕಾಲು ಗಂಟೆಯೊಳಗೆ ಕುದುರೆಯನ್ನು ಒಣಗಿಸಿಕೊಡುವ ವಸ್ತು ಬೇಕು. ಅಕಸ್ಮಾತ್ ಮರೆತುಹೋದರೂ ಒಳಗೆ ಬೇಯಿಸದಂಥದ್ದು ಬೇಕು. ತಿಂಗಳಿಗೆ ಮೇವು, ಹುರುಳಿ, ಲಾಳ ಎಂದು ಸಂಬಳದ ದೊಡ್ಡ ಪಾಲು ಹೋಗುವಾಗ 800 ರೂಪಾಯಿ ದೊಡ್ಡ ಅನುಕೂಲ.

ಈ ಸಲ ಎರಡು ಜೂಲು ಹೊಲಿಸುತ್ತಿದ್ದೇನೆ, ಒಂದು ಒಣಗುವಾಗ ಇನ್ನೊಂದಿರಲಿ ಎಂದು. ಹತ್ತು ಚೀಲ ಕುದಿಸಿ ಅಂಗಳದ ಹಗ್ಗಕ್ಕೆ ಹಾಕಿಯಾಗಿದೆ. ನೇರಳೆ ಬೇಲಿಯ ಮೇಲಿನಿಂದ ಕತ್ತು ಚಾಚಿ, ಹತ್ತಿರದ ಚೀಲದ ಮೂಲೆಯನ್ನು ಮೂಸಿ ನೋಡುತ್ತಿದ್ದಾಳೆ.