ಲಕ್ವದ ನಂತರ ಮನೆಯಲ್ಲೇ ಸಿಬಿಸಿ: ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ?

ಮಿದುಳಿನ ರಕ್ತನಾಳ ಕಟ್ಟಿ ಲಕ್ವ ಹೊಡೆದವರು ಆಸ್ಪತ್ರೆಯಿಂದ ಬಂದ ಮೇಲೆ, ಲ್ಯಾಬಿನವರೇ ಮನೆಗೆ ಬಂದು ಸಿಬಿಸಿಗೆ, ಅಂದರೆ ರಕ್ತಕಣಗಳ ಪೂರ್ತಿ ಎಣಿಕೆಗೆ, ರಕ್ತ ಒಯ್ಯುವ ಸೇವೆ ನಿಜಕ್ಕೂ ದೊಡ್ಡ ಅನುಕೂಲ. ಒಂದು ಕಡೆಯ ಕೈಕಾಲು ಸ್ವಾಧೀನ ಇಲ್ಲದವರನ್ನು ಆಟೊ ಹತ್ತಿಸಿ ಇಳಿಸುವ ಪಾಡು ತಪ್ಪುತ್ತದೆ. ಬುಕ್ ಮಾಡುವಾಗ ಯಂತ್ರ ತ್ರೀ-ಪಾರ್ಟೋ ಫೈವ್-ಪಾರ್ಟೋ, ಅಂದರೆ ಬಿಳಿ ರಕ್ತಕಣಗಳನ್ನು ಮೂರು ಬಗೆಯಾಗಿ ಎಣಿಸುತ್ತದೋ ಐದು ಬಗೆಯಾಗಿಯೋ ಎಂದು ಕೇಳಿ. ತ್ರೀ-ಪಾರ್ಟ್ ಯಂತ್ರ ನ್ಯೂಟ್ರೋಫಿಲ್ ಎಂಬ ಬಗೆಯನ್ನು ಬೇರೆಯಾಗಿ ಎಣಿಸುವುದಿಲ್ಲ, ಗ್ರಾನ್ಯುಲೋಸೈಟ್ ಎಂಬ ದೊಡ್ಡ ಗುಂಪಿಗೆ ಸೇರಿಸಿಬಿಡುತ್ತದೆ. ಫೈವ್-ಪಾರ್ಟೇ ಬೇಕು.

ನ್ಯೂಟ್ರೋಫಿಲ್ ಬೇರೆಯಾಗಿ ಸಿಕ್ಕರೆ ಎನ್‌ಎಲ್‌ಆರ್ ತೆಗೆಯಬಹುದು, ಅಂದರೆ ನ್ಯೂಟ್ರೋಫಿಲ್ಲನ್ನು ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣದಿಂದ ಭಾಗಿಸಿದ ಲೆಕ್ಕ. ರಿಪೋರ್ಟಿನಲ್ಲಿ ಶೇ. 78 ಮತ್ತು ಶೇ. 13 ಇದ್ದರೆ ಎನ್‌ಎಲ್‌ಆರ್ 6. ಮಿದುಳಿಗೆ ಪೆಟ್ಟಾದ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಏರುತ್ತದೆ, ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಹೆಚ್ಚಿ ಲಿಂಫೋಸೈಟ್ ಇಳಿಯುತ್ತದೆ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಪಡೆದವರಲ್ಲಿ, ನಾಳದೊಳಗಿಂದ ಹೆಪ್ಪು ತೆಗೆಸಿಕೊಂಡವರಲ್ಲಿ ಮೊದಲ ದಿನಗಳ ಎನ್‌ಎಲ್‌ಆರ್ ಹೆಚ್ಚಿದ್ದರೆ ಮಿದುಳಿನೊಳಗೆ ರಕ್ತಸ್ರಾವವಾಗುವ, 3 ತಿಂಗಳ ಹೊತ್ತಿಗೆ ಚೇತರಿಕೆ ಹಿಂದೆ ಬೀಳುವ ಸಂಭವ ಜಾಸ್ತಿ ಎಂದು ಹಲವು ಅಧ್ಯಯನಗಳು ಕಂಡಿವೆ. ಅದು ಗುಂಪಿನ ಲೆಕ್ಕ, ಅದೂ ಮೊದಲ ದಿನಗಳದ್ದು. ವಾರಗಳ ನಂತರ ತೆಗೆದ ರಕ್ತ ನೋಡಿ ಕೈ ಯಾವಾಗ ಎತ್ತಲು ಬರುತ್ತದೆ ಎಂದು ಯಾರೂ ಹೇಳಲಾರರು. ಚೇತರಿಕೆಯ ಸೂಚ್ಯಂಕ ಎಂದು ಇದಕ್ಕೆ ಬೇರೆ ದರ ಹೇಳಿದರೆ ಕೊಡಬೇಡಿ.

ಮನೆಯಲ್ಲಿರುವಾಗ ಸಿಬಿಸಿ ನಿಜವಾಗಿ ಕೈಹಿಡಿಯುವುದು ಬೇರೆ ಕಡೆ. ನುಂಗಲು ತೊಂದರೆಯಿದ್ದವರಿಗೆ ಅನ್ನನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು, ಕ್ಯಾಥೆಟರ್ ಇದ್ದವರಿಗೆ ಮೂತ್ರದ ಸೋಂಕು. ಆಗ ಬಿಳಿ ರಕ್ತಕಣ, ನ್ಯೂಟ್ರೋಫಿಲ್ ಮತ್ತೆ ಏರುತ್ತವೆ. ಸ್ಟಿರಾಯ್ಡ್ ತೆಗೆದುಕೊಂಡರೂ ಏರುತ್ತವೆ, ಹಾಗಾಗಿ ಔಷಧಿ ಚೀಟಿ ಜೊತೆಗಿಟ್ಟೇ ರಿಪೋರ್ಟ್ ತೋರಿಸಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನುಂಗುವವರ ಹಿಮೋಗ್ಲೋಬಿನ್ ಇಳಿಯುತ್ತಿದ್ದರೆ ಹೊಟ್ಟೆಯೊಳಗೆ ರಕ್ತ ಒಸರುತ್ತಿರಬಹುದು. ಮಲ ಡಾಂಬರಿನಂತೆ ಕಪ್ಪಾಗಿದ್ದರಂತೂ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ಸೇವೆ ಎಡವುವುದು ಹೆಚ್ಚಾಗಿ ರಕ್ತ ತೆಗೆಯುವ ಹೊತ್ತಿನಲ್ಲಿ. ಸ್ವಾಧೀನ ಇರುವ ಕೈಯಿಂದಲೇ ತೆಗೆಯಲಿ. ನೇರಳೆ ಮುಚ್ಚಳದ ಟ್ಯೂಬನ್ನು ಗೆರೆಯವರೆಗೆ ತುಂಬಿ, 8–10 ಸಲ ಮೆಲ್ಲಗೆ ಮಗುಚಬೇಕು. ಜೋರಾಗಿ ಕುಲುಕಿದರೆ ಕಣ ಒಡೆಯುತ್ತವೆ, ಮಗುಚದಿದ್ದರೆ ಹೆಪ್ಪುಗಟ್ಟಿ ಪ್ಲೇಟ್ಲೆಟ್ ಕಡಿಮೆ ಬರುತ್ತದೆ. ಕೆಲವರ ರಕ್ತದಲ್ಲಿ ಆ ಟ್ಯೂಬಿನ ಇಡಿಟಿಎ ಎಂಬ ಹೆಪ್ಪುತಡೆ ರಾಸಾಯನಿಕಕ್ಕೇ ಪ್ಲೇಟ್ಲೆಟ್ ಗುಂಪುಗಟ್ಟುತ್ತದೆ. ದಿಢೀರನೆ 60,000 ಎಂದು ಬಂದರೆ ಗಾಬರಿಯಿಂದ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರಿಗೆ ತಕ್ಷಣ ತಿಳಿಸಿ, ಸೂಕ್ಷ್ಮದರ್ಶಕದಲ್ಲಿ ಸ್ಲೈಡ್ ನೋಡಲು ಮತ್ತು ಸಿಟ್ರೇಟ್ ಎಂಬ ಬೇರೆ ರಾಸಾಯನಿಕವಿರುವ ಟ್ಯೂಬಿನಲ್ಲಿ ಮರುಪರೀಕ್ಷೆ ಮಾಡಲು ಲ್ಯಾಬಿಗೆ ಹೇಳಿ. ಸೂಜಿ ತೆಗೆದ ಜಾಗವನ್ನು 5 ನಿಮಿಷ ಒತ್ತಿ ಹಿಡಿಯದೆ ಎದ್ದು ಹೋಗುವ ಹುಡುಗರನ್ನು ಕಳಿಸುವ ಲ್ಯಾಬ್ ಈ ರೋಗಿಗಳಿಗೆ ಬೇಡ.