ಮನೆಗೆ ಕೇರ್‌ಟೇಕರ್ ಕರೆಸೋ ಮುಂಚೆ ಇದನ್ನ ಓದಿ: ನಡೆದಾಡ್ತಿದ್ದ ಅಪ್ಪನ್ನ ಮಲಗಿಸಿಬಿಟ್ರು

ಕೋಪ ಇನ್ನೂ ಇಳಿದಿಲ್ಲ, ಹಾಗಾಗಿ ಬರೆದಿದ್ದು ಹಿಂದೆಮುಂದೆ ಆಗಿದ್ರೆ ಸಹಿಸಿಕೊಳ್ಳಿ. ಏಜೆನ್ಸಿ ಹೆಸರು ಹಾಕಲ್ಲ. ಇದೇ ಆಟ ಬೇರೆ ಹೆಸರಲ್ಲೂ ನಡೀತಿರುತ್ತೆ, ಆಟ ಯಾವುದು ಅಂತ ಗೊತ್ತಾದ್ರೆ ಸಾಕು.

ಅಪ್ಪನಿಗೆ ಎಂಬತ್ತರ ಹತ್ತಿರ. ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯ್ತು. ಆಸ್ಪತ್ರೆಯಿಂದ ಮನೆಗೆ ಬಂದಾಗ ವಾಕರ್ ಹಿಡ್ಕೊಂಡು ತಾವೇ ಬಾತ್‌ರೂಮಿಗೆ ಹೋಗಿ ಬರ್ತಿದ್ರು. ಇದನ್ನ ಒತ್ತಿ ಹೇಳ್ತಿದೀನಿ: ತಾವೇ ಹೋಗಿ ಬರ್ತಿದ್ರು. ಡಿಸ್ಚಾರ್ಜ್ ಚೀಟಿಯಲ್ಲೂ ಬರೆದಿತ್ತು, ಕಾಲಿನ ಮೇಲೆ ಪೂರ್ತಿ ಭಾರ ಹಾಕಬಹುದು, ದಿನಕ್ಕೆ ಮೂರ್ನಾಲ್ಕು ಸಲ ನಡೆಸಿ, ಊಟ ಕುರ್ಚಿಯಲ್ಲೇ ಆಗಲಿ ಅಂತ. ಏಜೆನ್ಸಿಯವರಿಗೆ ಆ ಚೀಟಿಯ ಫೋಟೋ ಕಳಿಸಿದ್ದೆ. "ಅದೇ ನಮ್ಮ ಸ್ಪೆಷಾಲಿಟಿ ಮೇಡಂ" ಅಂದ್ರು. "ಹಿರಿಯರನ್ನ ಆಕ್ಟಿವ್ ಆಗಿ ಇಡೋದಕ್ಕೇ ಅಂತ ಬೇರೆ ಪ್ಯಾಕೇಜ್ ಇದೆ. ನಡೆಸೋದು, ವ್ಯಾಯಾಮ, ವಾರಕ್ಕೊಮ್ಮೆ ಫಿಸಿಯೋ, ದಿನಾ ಸಂಜೆ ರಿಪೋರ್ಟ್ ನಿಮ್ಮ ವಾಟ್ಸಾಪಿಗೆ." ಎಷ್ಟು ಬಣ್ಣದ ಮಾತು!

ಮುಂದಿನದು ನಿಮಗೆ ಗೊತ್ತಿರೋದೇ. ಅಡ್ವಾನ್ಸ್, ಅಗ್ರಿಮೆಂಟು, ಗುರುತಿನ ಚೀಟಿಯ ಜೆರಾಕ್ಸು, ಒಬ್ಬ ಹುಡುಗ ಬ್ಯಾಗ್ ಹಿಡ್ಕೊಂಡು ಬಂದ. ಒಳ್ಳೇ ಹುಡುಗ, ಮಾತು ಮೆದು. ಶುರುವಲ್ಲಿ ಎಲ್ಲ ಚೆನ್ನಾಗೇ ಇತ್ತು.

ಆಮೇಲೆ ಡೈಪರ್ ಬಂತು. "ರಾತ್ರಿ ಮಾತ್ರ ಅಕ್ಕಾ, ಕತ್ತಲಲ್ಲಿ ಎಬ್ಬಿಸಿದ್ರೆ ಬಿದ್ದುಬಿಡ್ತಾರೆ." ಸರಿ ಅನ್ನಿಸ್ತು. ಸ್ವಲ್ಪ ದಿನಕ್ಕೆ ಹಗಲಿಗೂ ಡೈಪರ್. ಸ್ನಾನ ಹೋಗಿ ಹಾಸಿಗೆಯಲ್ಲೇ ಒದ್ದೆ ಬಟ್ಟೆಯಲ್ಲಿ ಒರೆಸೋದಾಯ್ತು. ತುತ್ತು ಬಾಯಿಗೇ ಇಡೋಕೆ ಶುರು ಮಾಡಿದ. ಅಪ್ಪನ ಕೈಗೆ ಏನೂ ಆಗಿರಲಿಲ್ಲ, ಮುರಿದಿದ್ದು ಸೊಂಟ! ನೋಡೋಕೆ ಬಂದವರೆಲ್ಲ "ಅಬ್ಬಾ, ಮಗನಿಗಿಂತ ಹೆಚ್ಚಾಗಿ ನೋಡ್ಕೊಳ್ತಾನೆ" ಅಂತ ಹೊಗಳೋರು. ಸಂಜೆ ನಾನು ಕೆಲಸದಿಂದ ಬರೋ ಹೊತ್ತಿಗೆ ಅಪ್ಪ ಮಲಗಿರ್ತಿದ್ರು. ಕೇಳಿದ್ರೆ "ಬೆಳಿಗ್ಗೆ ಚೆನ್ನಾಗಿ ನಡೆದ್ರು ಅಕ್ಕಾ, ಅದಕ್ಕೇ ಸುಸ್ತು." ವಾಟ್ಸಾಪ್ ರಿಪೋರ್ಟಲ್ಲೂ ಅದೇ. ವಾಕಿಂಗ್ 30 ನಿಮಿಷ. ವ್ಯಾಯಾಮ ಆಯ್ತು. ಮೂಡ್ ಖುಷಿ.

ಒಂದಿನ ಸಂಜೆ ಮಾತ್ರೆ ಚೀಟಿ ಹುಡುಕ್ತಾ ಅವನ ಫೈಲ್ ತೆಗೆದೆ. ರಿಪೋರ್ಟಿನ ಮೂಲ ಹಾಳೆ ಅದರಲ್ಲಿತ್ತು. ಇವತ್ತಿನ ಸಾಲು ತುಂಬಿತ್ತು, ಸರಿ. ಅದರ ಕೆಳಗೆ ನಾಳೆಯ ಸಾಲು, ಅದೂ ತುಂಬಿತ್ತು. ನಾಡಿದ್ದಿನದೂ. ನಾಳೆ ಬೆಳಿಗ್ಗೆ ಅಪ್ಪನ ಬಿಪಿ 130/80 ಅಂತೆ, ನಾಡಿದ್ದೂ 130/80 ಅಂತೆ. ನಾಳೆ 30 ನಿಮಿಷ ನಡೆದಿದ್ದಾರೆ, ನಾಳೆ ಖುಷಿಯಾಗಿದ್ದಾರೆ. ಅಪ್ಪ ಇನ್ನೂ ಇವತ್ತಿನ ರಾತ್ರಿ ಊಟ ಮಾಡಿರಲಿಲ್ಲ. ಹಾಳೆ ಹಿಡ್ಕೊಂಡು ನಿಂತಲ್ಲೇ ನಿಂತಿದ್ದೆ. ಇಷ್ಟು ದಿನ ಇದೇ ರಿಪೋರ್ಟಿಗೆ "ಥ್ಯಾಂಕ್ಯೂ" ಅಂತ ಕೈಮುಗಿಯೋ ಚಿತ್ರ ಕಳಿಸ್ತಿದ್ದವಳು ನಾನು. ಮೈಯೆಲ್ಲ ಉರಿದುಹೋಯ್ತು.

ಅಪ್ಪನ್ನ ಎಬ್ಬಿಸಿ ನಿಲ್ಲಿಸೋಕೆ ನೋಡಿದೆ. ತೊಡೆ ಗಡಗಡ ನಡುಗ್ತು, ನಿಲ್ಲೋಕಾಗದೆ ಹಾಗೇ ಮಂಚಕ್ಕೆ ಕುಸಿದ್ರು. ಬೆನ್ನಿನ ಬುಡದಲ್ಲಿ ಕೆಂಪು ಕಲೆ. ಹೆಬ್ಬೆರಳಲ್ಲಿ ಒತ್ತಿ ಬಿಟ್ಟೆ, ಕೆಂಪು ಹಾಗೇ ಇತ್ತು, ಬಿಳಿಚಲೇ ಇಲ್ಲ. ಒತ್ತಿದಾಗ ಮಾಸದ ಕೆಂಪು ಅಂದ್ರೆ ಹಾಸಿಗೆ ಹುಣ್ಣಿನ ಮೊದಲ ಹಂತ. ಡೈಪರ್ ಬದಲಾಯಿಸೋವಾಗ ದಿನಾ ಕಣ್ಣಿಗೆ ಬೀಳೋ ಜಾಗ ಅದು.

ಹುಡುಗನ್ನ ಕೂರಿಸಿ ಕೇಳಿದೆ. ಅಳೋ ಹಾಗಾದ. "ಬೀಳಿಸಬೇಡ, ಅಷ್ಟು ನೋಡ್ಕೋ ಸಾಕು ಅಂತ ಹೇಳಿ ಕಳಿಸಿದ್ರು ಅಕ್ಕಾ. ಬಿದ್ರೆ ಸಂಬಳ ಹಿಡೀತಾರೆ. ನಡೆಸೋದು ಹೇಗೆ ಅಂತ ಯಾರೂ ತೋರಿಸಿಕೊಟ್ಟಿಲ್ಲ." ಅವನ ಮೇಲೆ ನನಗೆ ಅರ್ಧ ಸಿಟ್ಟು ಮಾತ್ರ. ವಾರದ ಫಿಸಿಯೋ? ಅವನ ಫೋನಿಗೆ ಬರ್ತಿದ್ದ ಒಂದು ವಿಡಿಯೋ ಕಾಲ್, ಅಷ್ಟೇ. ಬಿಲ್ಲಲ್ಲಿ ಮಾತ್ರ "ಹೋಮ್ ವಿಸಿಟ್".

ಈಗ ಸೂಪರ್‌ವೈಸರ್ ಮೇಡಂ ಉತ್ತರಗಳು ಕೇಳಿ. ಹಾಳೆ ಬಗ್ಗೆ: "ಹುಡುಗ ಹೊಸಬ, ಫಾರ್ಮಾಲಿಟಿಗೆ ತುಂಬಿರ್ತಾನೆ, ಅದನ್ನೆಲ್ಲ ದೊಡ್ಡದು ಮಾಡಬೇಡಿ." ನಡೆಸದೇ ಇದ್ದಿದ್ದಕ್ಕೆ: "ನಡೆಸಿ ಬಿದ್ರೆ ಯಾರು ಜವಾಬ್ದಾರಿ? ನಮ್ಮ ಹುಡುಗ ಇದ್ದಾಗ ಒಂದು ಸಲಾನಾದ್ರೂ ಬಿದ್ರಾ ಹೇಳಿ?" ಇಲ್ಲ ಮೇಡಂ, ಬೀಳಲಿಲ್ಲ. ಎದ್ದೇಳೋಕೇ ಬಿಡದಿದ್ರೆ ಬೀಳೋದು ಎಲ್ಲಿಂದ! ಆಮೇಲೆ "ಈ ವಯಸ್ಸಲ್ಲಿ ರೆಸ್ಟ್ ಬೇಕು, ಇದೆಲ್ಲ ಸಹಜ, ನೀವೇ ಒಪ್ಕೋಬೇಕು" ಅಂತ ನನಗೇ ಬುದ್ಧಿವಾದ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ 65 ದಾಟಿದವರೂ ವಾರಕ್ಕೆ 150ರಿಂದ 300 ನಿಮಿಷ ಚಟುವಟಿಕೆಯಿಂದ ಇರಬೇಕು, ವಾರಕ್ಕೆ 3 ದಿನವಾದ್ರೂ ಸಮತೋಲನ, ಶಕ್ತಿ ಹೆಚ್ಚಿಸೋ ವ್ಯಾಯಾಮ ಬೇಕು ಅಂತಿದೆ. ಅಷ್ಟು ಆಗದವರು ಎಷ್ಟಾಗುತ್ತೋ ಅಷ್ಟು. ಇದನ್ನ ಕಳಿಸಿದೆ. ನೀಲಿ ಗೀಟು ಬಂತು, ಉತ್ತರ ಬರಲಿಲ್ಲ.

ಉತ್ತರ ಬಂದಿದ್ದು ಮಾರನೇ ದಿನ. ಅದನ್ನ ಹಾಗೇ ಬರೀತೀನಿ: "ತಂದೆಯವರ ಈಗಿನ ಕಂಡಿಷನ್ ನೋಡಿದ್ರೆ ಬೆಡ್‌ರಿಡನ್ ಪ್ಯಾಕೇಜಿಗೆ ಬದಲಾಯಿಸಬೇಕಾಗುತ್ತೆ ಮೇಡಂ. ಅದರ ರೇಟ್ ಬೇರೆ."

ಇನ್ನೊಂದ್ಸಲ ಓದಿ. ನಡೀತಿದ್ದ ಮನುಷ್ಯನ್ನ ಮಲಗಿಸಿದ್ದು ಇವರು. ಈಗ ಮಲಗಿದ್ದಾರೆ ಅಂತ ಜಾಸ್ತಿ ದುಡ್ಡು ಕೇಳ್ತಿರೋದೂ ಇವರೇ. ನಾಚಿಕೆ ಬೇಡ್ವಾ?

ಈಗ ಬೇರೆ ಫಿಸಿಯೋ ಖುದ್ದಾಗಿ ಬರ್ತಾರೆ. ಅವರು ಹೇಳಿದ್ದು ಕೇಳಿ ಹೊಟ್ಟೆ ಇನ್ನಷ್ಟು ಉರೀತು. 2007ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆ ಬಿಟ್ಟು ಏಳದ ಹಾಗೆ ಇರಿಸಿದ್ರಂತೆ, ಕಾಲುಗಳ ಮಾಂಸಖಂಡ ಹತ್ತಿರ ಹತ್ತಿರ ಒಂದು ಕೆಜಿ ಕರಗಿತ್ತಂತೆ. ಆಪರೇಷನ್ ಆದ ಮುದುಕರ ಕಥೆ ಇನ್ನೇನು! ಈಗ ಅಪ್ಪ ಮೊದಲು ಮಂಚದ ಅಂಚಲ್ಲಿ ಸ್ವಲ್ಪ ಹೊತ್ತು ಕಾಲು ಇಳಿಬಿಟ್ಟು ಕೂರ್ತಾರೆ, ತಟ್ಟನೆ ಎದ್ರೆ ಬಿಪಿ ಇಳಿದು ತಲೆ ಸುತ್ತುತ್ತೆ ಅಂತ. ಆಮೇಲೆ ಕುರ್ಚಿಯಿಂದ ಏಳೋದು, ಕೂರೋದು, ಏಳೋದು. ವಾಕರಲ್ಲಿ ಬಾಗಿಲವರೆಗೆ ಬಂದಿದ್ದಾರೆ. ಬಾತ್‌ರೂಮು ಇನ್ನೂ ದೂರ.

ನೀವು ಯಾರನ್ನಾದ್ರೂ ಕರೆಸೋ ಹಾಗಿದ್ರೆ, ಮೊದಲ ದಿನವೇ ನಿಮ್ಮ ಕಣ್ಣೆದುರಿಗೇ ಎಬ್ಬಿಸಿ ನಡೆಸೋಕೆ ಹೇಳಿ. ಸೊಂಟಕ್ಕೆ ಬೆಲ್ಟ್ ಕಟ್ಟಿ ಹಿಡ್ಕೊಳ್ಳೋದು ಗೊತ್ತಿಲ್ಲದವರನ್ನ ವಾಪಸ್ ಕಳಿಸಿ. ರಿಪೋರ್ಟ್ ನಂಬಬೇಡಿ, ದಿನಾ ವಿಡಿಯೋ ಕೇಳಿ. ಸ್ವಂತ ಕೈಯಲ್ಲಿ ಉಣ್ಣೋಕೆ ಆಗೋರಿಗೆ ತುತ್ತು ಕೊಡೋಕೆ ಬಿಡಬೇಡಿ. ಓಡಾಡೋರಿಗೆ ಹಗಲಲ್ಲಿ ಡೈಪರ್ ಹಾಕ್ತೀನಿ ಅಂದ ದಿನವೇ ಫೋನ್ ಎತ್ತಿ ಜಗಳ ಆಡಿ. ನಾನು ಮೆತ್ತಗೆ ಮಾತಾಡಿದ್ದು ಸಾಕಾಗಿದೆ.

ಅಡ್ವಾನ್ಸ್ ವಾಪಸ್ ಬಂದಿಲ್ಲ. ನೋಟಿಸ್ ಕೊಡದೆ ನಿಲ್ಲಿಸಿದ್ದಕ್ಕೆ ಹಿಡ್ಕೊಂಡಿದ್ದಾರಂತೆ, ಅಗ್ರಿಮೆಂಟಲ್ಲಿ ಇದೆಯಂತೆ. ಸರಿ, ಅದೇ ಅಗ್ರಿಮೆಂಟಲ್ಲಿ ದಿನಾ ನಡೆಸ್ತೀವಿ ಅಂತಲೂ ಇದೆಯಲ್ಲ ಅಂತ ಬರೆದು ಕಳಿಸಿದೆ. "ಅಕೌಂಟ್ಸಿನವರು ರಜಾದಲ್ಲಿದ್ದಾರೆ ಮೇಡಂ" ಅಂತ ಬಂದಿದೆ.