ಬಸುರಿಗೆ ಪೂರ್ತಿ ಅಂಕ, ಬಾಣಂತಿಗೆ ಅರ್ಧವೂ ಇಲ್ಲ: ಮಾತೃಪೂರ್ಣ ಊಟ ಉಂಡವಳ ಮಾತು

ಅಂಗನವಾಡಿ ಊಟದ ಬಗ್ಗೆ ಜಾಸ್ತಿ ಮಾತಾಡುವವರು ಅದನ್ನು ಉಣ್ಣದವರೇ. ನಾನು ಬಸುರಿಯಾಗಿದ್ದಾಗ ತಿಂಗಳುಗಟ್ಟಲೆ ಉಂಡಿದ್ದೇನೆ. ಈಗ ಮೂರು ತುಂಬಿದ ನನ್ನ ಮಗಳು ಅದೇ ಕೇಂದ್ರಕ್ಕೆ ಹೋಗುತ್ತಾಳೆ. ನಮ್ಮದು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಗಂಡ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾರೆ, ನಾನು ಮನೆಯಲ್ಲಿ ಜಂಪರ್ ಹೊಲಿಯುತ್ತೇನೆ. ಅತ್ತೆ, ಮಾವ, ಮೈದುನ, ನಾದಿನಿ ಎಲ್ಲ ಸೇರಿದ ಮನೆ. ನನ್ನ ಅನುಭವ ಓದುವಾಗ ಇಷ್ಟು ನೆನಪಿರಲಿ, ಯಾಕಂದ್ರೆ ಕೈಯಲ್ಲಿ ದುಡ್ಡಿದ್ದವರಿಗೆ ಈ ಊಟ ಇಷ್ಟು ದೊಡ್ಡದಾಗಿ ಕಾಣಲಿಕ್ಕಿಲ್ಲ.

ಮಾತೃಪೂರ್ಣ ಅಂದರೆ ಬಸುರಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ ಹಾಕುವ ರಾಜ್ಯ ಸರ್ಕಾರದ ಯೋಜನೆ. 2017ರ ಅಕ್ಟೋಬರ್ 2ರಿಂದ ರಾಜ್ಯದ ತುಂಬ ಇದೆ. ಅದಕ್ಕೂ ಮೊದಲು ಪ್ರಯೋಗಕ್ಕೆ ಅಂತ ಆರಿಸಿದ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಮಾನ್ವಿಯೂ ಒಂದು. ಬಸುರಿಯರಿಗೆ, ಮತ್ತೆ ಹೆರಿಗೆಯಾದ ಮೇಲೆ ಆರು ತಿಂಗಳವರೆಗೆ, ತಿಂಗಳಿಗೆ 25 ದಿನ ಮಧ್ಯಾಹ್ನ ಬಿಸಿ ಊಟ. ಅಂಗನವಾಡಿಗೇ ಹೋಗಿ ಅಲ್ಲೇ ಕೂತು ಉಣ್ಣಬೇಕು.

ಮೊದಲು ನನಗೆ ಬೇಸರವಾಗಿದ್ದೇ ಈ "ಅಲ್ಲೇ ಕೂತು" ಅನ್ನೋ ಮಾತಿಗೆ. ಹೊಲಿಗೆ ಬಿಟ್ಟು ಬಿಸಿಲಲ್ಲಿ ಯಾಕೆ ಹೋಗಬೇಕು, ರೇಷನ್ ಕೊಟ್ಟುಬಿಟ್ಟರೆ ಮನೆಯಲ್ಲೇ ಬೇಯಿಸಿಕೊಳ್ಳಬಹುದಲ್ವಾ ಅನಿಸಿತ್ತು. ಅತ್ತೆಯದು ಬೇರೆ ಚಿಂತೆ. "ಮನ್ಯಾಗ್ ಕೂಳಿಲ್ಲೇನು, ಊರಾಗ್ ಹೋಗಿ ಉಣ್ಣಾಕ?" ಅಂತ ಕೇಳಿದರು. ಊರಿನವರು ಏನಂದಾರು ಅನ್ನೋದು ಅವರ ಸಂಕಟ.

ಹೋಗುತ್ತಾ ಹೋಗುತ್ತಾ ಆ ಹೊತ್ತು ನನಗೆ ದಿನದಲ್ಲೇ ಬಲು ಇಷ್ಟದ ಹೊತ್ತಾಯಿತು. ಹನ್ನೆರಡೂವರೆಗೆಲ್ಲ ಒಬ್ಬೊಬ್ಬರೇ ಬರುತ್ತಿದ್ದೆವು. ಮಕ್ಕಳ ಊಟ ಮುಗಿದು ಚಾಪೆ ಜಾಡಿಸಿ ಹಾಕಿರುತ್ತಿತ್ತು. ಏಳು ತಿಂಗಳು ದಾಟಿದವರಿಗೆ ಗೋಡೆ ಕಡೆ ಜಾಗ. ಯಾರೂ ಹೇಳಿದ್ದಲ್ಲ, ಸುಮ್ನೆ ಹಾಗೇ ನಡೆದುಬಂದಿತ್ತು. ಬೆನ್ನಿಗೆ ಆಸರೆ ಬೇಕಲ್ಲ. ಆಯಾ ಬೇಯಿಸಿದ ಮೊಟ್ಟೆಗಳನ್ನು ತಣ್ಣೀರಿನ ಬುಟ್ಟಿಗೆ ಹಾಕಿ ತರುತ್ತಿದ್ದರು, ನಾವೇ ಸುಲಿದುಕೊಳ್ಳುತ್ತಿದ್ದೆವು. ಕೆಲವರ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟುವಂತಿಲ್ಲ. ಅವರಿಗೆ ಮೊಳಕೆ ಬರಿಸಿದ ಹೆಸರುಕಾಳು. ಅದಕ್ಕೆ ಒಂದಿಷ್ಟು ಉಳ್ಳಾಗಡ್ಡಿ, ನಿಂಬೆಹುಳಿ ಬಿದ್ದ ದಿನ ಮೊಟ್ಟೆ ತಿನ್ನುವವರೂ ಕೈಚಾಚುತ್ತಿದ್ದೆವು. ಅನ್ನ, ಸಾಂಬಾರು, ವಾರದಲ್ಲಿ ಕೆಲವು ದಿನ ಸೊಪ್ಪು. ಆಮೇಲೆ ಶೇಂಗಾ ಚಿಕ್ಕಿ. ಕೊನೆಗೆ ಹಾಲಿನ ಪುಡಿ ಕದಡಿ ಕಾಯಿಸಿದ ಬಿಸಿ ಹಾಲು, 200 ಮಿಲಿ.

ದಿನಾ ಅನ್ನವೇ ಅನ್ನೋದು ಒಂದು ಕೊರತೆ. ನಾವು ರೊಟ್ಟಿ ಉಣ್ಣುವ ಜನ. ಅನ್ನ ಎಷ್ಟು ಉಂಡರೂ ಮೂರು ಗಂಟೆಗೆ ಮತ್ತೆ ಹಸಿವು. ಅದಕ್ಕೆ ನಾನೊಂದು ದಾರಿ ಕಂಡುಕೊಂಡಿದ್ದೆ. ಮನೆಯಿಂದ ಒಂದು ಕಡಕ್ ಜೋಳದ ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ತಟ್ಟೆಯಲ್ಲಿ ಮುರಿದು ಹಾಕಿ, ಮೇಲೆ ಬಿಸಿ ಸಾಂಬಾರು ಹುಯ್ಯಿಸಿಕೊಳ್ಳುತ್ತಿದ್ದೆ. ಎರಡು ನಿಮಿಷ ಬಿಟ್ಟರೆ ಅರ್ಧ ಮೆತ್ತಗೆ, ಅರ್ಧ ಗಟ್ಟಿ. ಆಹಾ! ಆಮೇಲೆ ಉಳಿದವರೂ ರೊಟ್ಟಿ ತರಲು ಶುರುಮಾಡಿದರು. ಇಲಾಖೆಯವರು ಇದನ್ನು ಓದಿದರೆ, ನಮ್ಮ ಕಡೆಯ ಜಿಲ್ಲೆಗಳಿಗೆ ವಾರಕ್ಕೆರಡು ದಿನವಾದರೂ ಜೋಳ ಸೇರಿಸಿ ಅಂತ ಕೇಳಿಕೊಳ್ಳುತ್ತೇನೆ.

ಊಟವಾದ ಮೇಲೆ ಕಬ್ಬಿಣದ ಗುಳಿಗೆ. ಅಕ್ಕೋರು, ಅಂದರೆ ಅಂಗನವಾಡಿ ಟೀಚರ್, ಎದುರಿಗೆ ನಿಂತು "ಗುಳಗಿ ನುಂಗಿ ಬಾಯಿ ತೋರ್ಸವಾ" ಅನ್ನುತ್ತಿದ್ದರು. ಕೇಳಲಿಕ್ಕೆ ಒಂಥರಾ ಅನಿಸಬಹುದು, ಆದರೆ ನನಗೆ ಅದು ಬೇಕಿತ್ತು. ಮನೆಯಲ್ಲಾದರೆ ವಾಕರಿಕೆ ಅಂತ ಬಿಡುತ್ತಿದ್ದೆ. ತೆಗೆದುಕೊಂಡರೂ ಚಹಾ ಜೊತೆ. ಚಹಾ ಕುಡಿದರೆ ಗುಳಿಗೆಯ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಕ್ಯಾಲ್ಸಿಯಂ ಗುಳಿಗೆಯನ್ನೂ ಇದರ ಜೊತೆ ನುಂಗಬಾರದು, ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು ಅಂತ ತಿಳಿದದ್ದೇ ಅಲ್ಲಿ. ಬಸುರಿಯ ತಪಾಸಣೆ ವಿವರ ಬರೆಯುವ ತಾಯಿ ಕಾರ್ಡಿನಲ್ಲಿ ಮೊದಲು ಬರೆದ ನನ್ನ ಹಿಮೋಗ್ಲೋಬಿನ್ 8.8. ಬಸುರಿಗೆ 11 ಇರಬೇಕು. ಎಂಟನೇ ತಿಂಗಳಿಗೆ 10.6ಕ್ಕೆ ಬಂತು. ಸಿಸ್ಟರ್ ಆ ಅಂಕಿ ಬರೆದು ಪೆನ್ನಿನಿಂದ ಸುತ್ತು ಹಾಕಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಆ ತಟ್ಟೆ ನನ್ನೊಬ್ಬಳದ್ದಾಗಿತ್ತು. ಆರು ಜನರ ಮನೆಗೆ ಒಂದೇ ಮೊಟ್ಟೆ ತರಲಾಗುತ್ತಾ? ಆರೂ ಜನಕ್ಕೆ ದಿನಾ ತರುವ ತಾಕತ್ತು ನಮಗಿಲ್ಲ. ನನಗೆ ಮಾತ್ರ ತಂದುಕೊಂಡು ತಿಂದರೆ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮ ಕಡೆ ಸೊಸೆ ಉಣ್ಣುವುದು ಎಲ್ಲರದ್ದೂ ಆದ ಮೇಲೆ, ಬುಟ್ಟಿಯಲ್ಲಿ ಉಳಿದದ್ದನ್ನು. ಅಂಗನವಾಡಿಯಲ್ಲಿ ಬಿಸಿ ಇರುವಾಗಲೇ ಉಣ್ಣುತ್ತಿದ್ದೆ. ರೇಷನ್ನನ್ನು ಮನೆಗೆ ಕೊಟ್ಟಿದ್ದರೆ ನನ್ನ ಪಾಲಿಗೆ ಎಷ್ಟು ಬರುತ್ತಿತ್ತು ಅಂತ ಈಗ ಚೆನ್ನಾಗಿ ಗೊತ್ತು. ಮೊದಲು ಬೇಸರ ತಂದ ನಿಯಮವೇ ನನ್ನನ್ನು ಕಾಪಾಡಿತು.

ಅದೇ ನಿಯಮ ಹೆರಿಗೆಯಾದ ಮೇಲೆ ನನ್ನ ಊಟ ತಪ್ಪಿಸಿತು. ಇಲ್ಲಿಂದ ಮುಂದಿನದು ಸಿಟ್ಟಿನ ಮಾತು.

ಚೊಚ್ಚಲ ಹೆರಿಗೆ, ಕುಬುಸ (ಸೀಮಂತ) ಮುಗಿಸಿ ತವರಿಗೆ ಹೋದೆ. ತವರು ಸಿಂಧನೂರು ಕಡೆಯ ಹಳ್ಳಿ. ಮಾರ್ಚ್ ತಿಂಗಳಲ್ಲಿ ಮಗಳು ಹುಟ್ಟಿದಳು. ಹೆರಿಗೆಗೆ ಸರ್ಕಾರಿ ದವಾಖಾನೆಯಲ್ಲಿ ದುಡ್ಡು ಹತ್ತಲಿಲ್ಲ, ಮನೆಗೆ ಸರ್ಕಾರದ ನಗು-ಮಗು ಗಾಡಿಯಲ್ಲೇ ಬಿಟ್ಟರು. ಅದರ ಬಗ್ಗೆ ತಕರಾರಿಲ್ಲ. ಏಪ್ರಿಲ್, ಮೇ ಅಂದರೆ ನಮ್ಮ ಕಡೆ ಬಿಸಿಲು ನಿಮಗೆ ಗೊತ್ತು. ನಾನು ತಲೆಗೆ ಬಟ್ಟೆ ಸುತ್ತಿಕೊಂಡು ಹೊರಸಿನ ಮೇಲೆ, ಕೆಳಗೆ ಕೆಂಡದ ಬೋಗುಣಿ, ಮಗ್ಗುಲಲ್ಲಿ ಕೂಸು. ಮಧ್ಯಾಹ್ನ ಒಂದು ಗಂಟೆಗೆ ಯಾವ ಬಾಣಂತಿ ಹಸುಗೂಸನ್ನು ಕಟ್ಟಿಕೊಂಡು ಅಂಗನವಾಡಿಗೆ ನಡೆದು ಹೋಗುತ್ತಾಳೆ? ಯಾವ ತಾಯಿ ಕಳಿಸುತ್ತಾಳೆ?

ಅವ್ವ ಡಬ್ಬಿ ಹಿಡಿದುಕೊಂಡು ಅಲ್ಲಿನ ಕೇಂದ್ರಕ್ಕೆ ಹೋದರು. ಬಂದು ಉಂಡರೆ ಮಾತ್ರ, ಡಬ್ಬಿಗೆ ಹಾಕುವಂತಿಲ್ಲ ಅಂದರು. ಮತ್ತೊಮ್ಮೆ ಹೋದಾಗ, ನಿಮ್ಮ ಮಗಳ ಹೆಸರು ಕೊಪ್ಪಳ ಜಿಲ್ಲೆಯಲ್ಲಿದೆ, ಇಲ್ಲಿ ಬರುವುದಿಲ್ಲ ಅಂದರು. ಅವ್ವ ಖಾಲಿ ಡಬ್ಬಿ ತಂದಿಟ್ಟರು, ಏನೂ ಮಾತಾಡಲಿಲ್ಲ. ಅಳ್ವಿ ಪಾಯಸ, ಅಂಟಿನ ಉಂಡಿ ಅಂತ ತಮ್ಮ ಕೈಲಾದದ್ದನ್ನೆಲ್ಲ ಮಾಡಿ ಹಾಕಿದರು. ಆದರೆ ಹಾಲೂಡಿಸುವವಳಿಗೆ ಹಸಿವು ಬಸುರಿಗಿಂತ ಜಾಸ್ತಿ. ಆಗಲೇ ಅಂಗನವಾಡಿಯ ಮೊಟ್ಟೆ ನಿಂತಿತು, ಅಲ್ಲಿ ಕುಡಿಯುತ್ತಿದ್ದ ಹಾಲು ನಿಂತಿತು. ಗುಳಿಗೆಯೂ ತಪ್ಪತೊಡಗಿತು. ಐದನೇ ತಿಂಗಳಲ್ಲಿ ಗಂಡನ ಮನೆಗೆ ಬಂದು ಮತ್ತೆ ಚಾಪೆ ಮೇಲೆ ಕೂರುವಷ್ಟರಲ್ಲಿ ಆರು ತಿಂಗಳ ಗಡುವು ಮುಗಿಯಲಿಕ್ಕೆ ಬಂದಿತ್ತು.

ಇದು ನನ್ನೊಬ್ಬಳ ಕಥೆ ಅಂದುಕೊಳ್ಳಬೇಡಿ. ನಮ್ಮ ಚಾಪೆಯ ಮೇಲೆ ಬಸುರಿಯರು ತುಂಬಿರುತ್ತಿದ್ದರು, ಬಾಣಂತಿಯರನ್ನು ಹುಡುಕಬೇಕಾಗಿತ್ತು. ಮೊದಲ ಹೆರಿಗೆ ತವರಲ್ಲಿ, ಬಾಣಂತಿ ಹೊರಗೆ ಬರುವುದಿಲ್ಲ ಅನ್ನೋದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಊಟದ ನಿಯಮ ಬರೆಯುವಾಗ ಇದು ಯಾರ ತಲೆಗೂ ಬರಲಿಲ್ಲವಾ? ಮೊದಲ ಮೂರು ತಿಂಗಳು ಬಾಣಂತಿ ಎಲ್ಲಿದ್ದಾಳೋ ಅಲ್ಲಿಗೇ ಡಬ್ಬಿ ಹೋಗಲಿ. ಮನೆಯವರು ಹಂಚಿಕೊಳ್ಳುತ್ತಾರೆ ಅನ್ನೋ ಹೆದರಿಕೆ ನನಗೂ ಇದೆ. ಆದರೆ ತವರಲ್ಲಿ ಬಾಣಂತಿಯ ತಟ್ಟೆಗೆ ಯಾರೂ ಕೈಹಾಕುವುದಿಲ್ಲ. ಅವ್ವ ಬಿಡುವುದಿಲ್ಲ.

ಅಕ್ಕೋರ ಮೇಲೆ ನನಗೆ ಸಿಟ್ಟಿಲ್ಲ, ಅದನ್ನೂ ಹೇಳಬೇಕು. ಮೊಟ್ಟೆ ರೇಟು ಏರಿದಾಗ ನಮ್ಮ ಅಕ್ಕೋರು ಕೈಯಿಂದ ದುಡ್ಡು ಹಾಕಿ ತಂದದ್ದನ್ನು ನೋಡಿದ್ದೇನೆ. ಮಗಳಿಗೆ ಒಂದು ವರ್ಷ ದಾಟಿದಾಗ ಭೇದಿಯಾಗಿ ತುಂಬಾ ಇಳಿದುಹೋಗಿದ್ದಳು. ಮಗು ಸೊರಗಿದೆಯಾ ಅಂತ ನೋಡಲು ತೋಳಿಗೆ ಸುತ್ತುವ ಬಣ್ಣದ ಪಟ್ಟಿ ಹಳದಿಗೆ ಬಂತು. 12.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು. ಅಕ್ಕೋರು ಮನೆಗೇ ಬಂದು, ಅಂಗನವಾಡಿಯಲ್ಲಿ ಚಿಕ್ಕ ಮಕ್ಕಳಿಗೆ ಕೊಡುವ ಪುಷ್ಟಿ ಪುಡಿಗೆ ತುಪ್ಪ, ಬೆಲ್ಲ ಹಾಕಿ ಹೇಗೆ ಗಂಜಿ ಕಾಯಿಸಬೇಕು ಅಂತ ಒಲೆ ಮುಂದೆ ಕೂತು ತೋರಿಸಿದರು. ಪಟ್ಟಿ ಹಸಿರಿಗೆ ಬರುವವರೆಗೂ ಬಿಡಲಿಲ್ಲ.

ಆ ಪುಡಿಯ ಪಾಕೀಟು ಪಡೆಯಲಿಕ್ಕೆ 2025ರ ಜುಲೈಯಿಂದ ಫೋನಿಗೆ ಮುಖ ತೋರಿಸಬೇಕಾಯಿತು. ಮೊದಲು ಆಧಾರ್ ಜೋಡಿಸಬೇಕು, ಅದಕ್ಕೆ ಓಟಿಪಿ ಬೇಕು. ನನ್ನ ಆಧಾರಿಗೆ ಇದ್ದದ್ದು ಗಂಡನ ನಂಬರು. ಅವರು ಬೆಂಗಳೂರಲ್ಲಿ ಎಂಟನೇ ಮಹಡಿಯಲ್ಲಿ ಕಬ್ಬಿಣ ಕಟ್ಟುತ್ತಿರುತ್ತಾರೆ. ಅವರು ಫೋನ್ ತೆಗೆದು ಓದಿ ಹೇಳುವಷ್ಟರಲ್ಲಿ ಓಟಿಪಿ ಹೊತ್ತು ಮೀರಿರುತ್ತಿತ್ತು. ಇತ್ತ ನೆಟ್‌ವರ್ಕ್ ಇಲ್ಲದೆ ಆ್ಯಪ್ ತಿರುಗುತ್ತಲೇ ಇರುತ್ತಿತ್ತು. ಆ ತಿಂಗಳುಗಳಲ್ಲಿ ಅಕ್ಕೋರು ಮಕ್ಕಳಿಗೆ ಹಾಡು ಹೇಳಿಕೊಟ್ಟದ್ದಕ್ಕಿಂತ ಫೋನನ್ನು ಕಿಟಕಿಗೆ ಹಿಡಿದು ನಿಂತದ್ದೇ ಜಾಸ್ತಿ.

ಈಗ ನಾದಿನಿಗೆ ಮದುವೆಯಾಗಿ ಬಸುರಿ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೂರು ತಿಂಗಳೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿ. ಪ್ರತಿ ತಿಂಗಳ 9ನೇ ತಾರೀಖಿನ ಡಾಕ್ಟರ್ ತಪಾಸಣೆ ತಪ್ಪಿಸಬೇಡಿ. ಆಧಾರಿಗೆ ನಿಮ್ಮ ಕೈಯಲ್ಲಿರುವ ನಂಬರನ್ನೇ ಹಾಕಿಸಿ. ಚೊಚ್ಚಲ ಬಸುರಿಗೆ ಕೇಂದ್ರ ಸರ್ಕಾರ ಕೊಡುವ ಮಾತೃವಂದನಾ ಯೋಜನೆಯ 5,000 ರೂಪಾಯಿ ಆಧಾರ್ ಜೋಡಿಸಿದ ಖಾತೆಗೇ ಬೀಳುತ್ತದೆ, ಅದು ಯಾವ ಖಾತೆ ಅಂತ ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ತವರಿಗೆ ಹೊರಡುವ ಮುಂಚೆ ಅಕ್ಕೋರ ಎದುರಿಗೇ ಕೂತು ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ನಿಮ್ಮ ಹೆಸರನ್ನು ತವರಿನ ಕೇಂದ್ರಕ್ಕೆ ಬದಲಾಯಿಸಿಕೊಳ್ಳಿ. ಆ ಅವಕಾಶ ಅದರಲ್ಲಿದೆ. ನಾದಿನಿಯದು ಹೋದ ವಾರ ಆಯಿತು. ಡಬ್ಬಿ ಕೊಡುತ್ತಾರಾ ಅಂತ ಕೇಳಲಿಕ್ಕೆ ಈ ಸಲ ನಾನೇ ಹೋಗುತ್ತೇನೆ.